ವೆಲೋಸಿಯೋ ತುಳಿದ ದಾರಿ

ತಾರುಣ್ಯದಲ್ಲಿ ಬಿಟ್ಟ ಸೈಕಲ್ಲನ್ನು ತಲೆ ನರೆತ ಮೇಲೆ ಮತ್ತೆ ಏರಿದವನನ್ನು ಮೊದಲು ಕಾಡುವುದು ನಾಚಿಕೆ. ಏರಿನಲ್ಲಿ ಉಸಿರು ಕಟ್ಟುತ್ತದೆ. ಹಿಂದಿನಿಂದ ಬಂದ ಹುಡುಗರು ನಗುತ್ತ ಮುಂದೆ ಹೋಗುತ್ತಾರೆ. ನನ್ನನ್ನೂ ಕಾಡಿದ ಈ ನಾಚಿಕೆಗೆ ಮದ್ದು ದೊರೆತದ್ದು ಫ್ರಾನ್ಸಿನ ಪಾಲ್ ದ ವಿವಿ ಅವರ ಜೀವನಚರಿತ್ರೆಯಲ್ಲಿ.

ವಿವಿ ಜನಿಸಿದ್ದು 1853ರಲ್ಲಿ, ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಊರಿನಲ್ಲಿ. ಗ್ರೀಕ್ ಲ್ಯಾಟಿನ್ ಸಾಹಿತ್ಯದಲ್ಲಿ ಒಲವುಳ್ಳ ಅವರು ಸೇಂಟ್ ಎಟಿಯೆನ್ ನಗರದಲ್ಲಿ ರೇಷ್ಮೆಯ ವ್ಯಾಪಾರಿಯಾಗಿದ್ದರು. ಮೊದಲ ಸೈಕಲ್ ಕೊಂಡಾಗ ಅವರಿಗೆ ವಯಸ್ಸು ಇಪ್ಪತ್ತೆಂಟು. ಮುಂಚಕ್ರ ಆಳೆತ್ತರವಿದ್ದ ಹಳೆಯ ಕಾಲದ ವಾಹನವದು. ಕ್ರಮೇಣ ರೇಷ್ಮೆ ಹಿಂದೆ ಸರಿದು ಸೈಕಲ್ಲೇ ಬಾಳಾಯಿತು. 1887ರಲ್ಲಿ ಸೈಕಲ್ ಅಂಗಡಿಯನ್ನೂ ಒಂದು ಪತ್ರಿಕೆಯನ್ನೂ ಆರಂಭಿಸಿದರು. ಅದರಲ್ಲಿ ವೆಲೋಸಿಯೋ ಎಂಬ ಹೆಸರಿನಿಂದ ಬರೆದರು. ಲೋಕ ಅವರನ್ನು ನೆನೆಯುವುದು ಆ ಹೆಸರಿನಿಂದಲೇ.

ಸೇಂಟ್ ಎಟಿಯೆನ್ ಗುಡ್ಡಗಾಡಿನ ಊರು. ಅದರ ದಕ್ಷಿಣಕ್ಕಿರುವ ಗ್ರಾಂಬ್ವಾ ಕಣಿವೆದಾರಿ ಸಮುದ್ರಮಟ್ಟದಿಂದ 1,161 ಮೀಟರ್ ಎತ್ತರದಲ್ಲಿದೆ. ಆಗಿನ ಸೈಕಲ್ಲಿಗೆ ಇದ್ದುದು ಒಂದೇ ಗಿಯರ್. ಸಮತಟ್ಟಿನಲ್ಲಿ ಹಿತವಾದ ಗಿಯರ್ ಏರಿನಲ್ಲಿ ಮೊಣಕಾಲನ್ನು ಹಿಂಡುತ್ತದೆ. ವಿವಿಯವರು ಹಲ್ಲುಚಕ್ರಗಳನ್ನು ಹೆಚ್ಚಿಸಿ, ಒಂದರಿಂದ ಮತ್ತೊಂದಕ್ಕೆ ಚೈನನ್ನು ವರ್ಗಾಯಿಸುವ ಉಪಾಯಗಳನ್ನು ಹುಡುಕಿದರು. ಏರಿನಲ್ಲಿ ಸಣ್ಣ ಗಿಯರ್ ಹಾಕಿದರೆ ತುಳಿತಗಳ ಸಂಖ್ಯೆ ಹೆಚ್ಚುತ್ತದೆ, ಪ್ರತಿಯೊಂದು ತುಳಿತದ ಭಾರ ಇಳಿಯುತ್ತದೆ. ಪ್ರತಿಯೊಂದು ಉಪಾಯವನ್ನೂ ಸ್ವತಃ ದೂರದ ದಾರಿ ತುಳಿದು ಪರೀಕ್ಷಿಸಿದರು.

ಇದನ್ನು ಎಲ್ಲರೂ ಮೆಚ್ಚಲಿಲ್ಲ. ಮರುವರ್ಷ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಲಿದ್ದ ಆನ್ರಿ ದೆಗ್ರಾಂಜ್ 1902ರಲ್ಲಿ, ಇಂಥ ಸಾಧನ ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕುದೆಂದು ಹಂಗಿಸಿದರು. ಆಗ ವಿವಿಯವರಿಗೆ ನಲವತ್ತೊಂಬತ್ತು! ಆ ಪಂದ್ಯದಲ್ಲಿ ಗಿಯರ್ ಬದಲಿಸುವ ಸಾಧನಕ್ಕೆ ಪ್ರವೇಶ ದೊರೆತದ್ದು 1937ರಲ್ಲಿ, ವಿವಿಯವರು ಕಾಲವಾಗಿ ಏಳು ವರ್ಷಗಳ ತರುವಾಯ.

ದೂರ ಹೋಗಬಯಸುವವರಿಗೆ ಅವರು ಹಾಕಿಕೊಟ್ಟ ನಿಯಮಗಳು ಸರಳವಾದವು. ಹಸಿವಾಗುವ ಮೊದಲೇ ಸ್ವಲ್ಪ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು. ವಿಶ್ರಾಂತಿ ವಿರಳವಾಗಿರಲಿ, ಚಿಕ್ಕದಾಗಿರಲಿ. ಊಟ ಸೇರದಷ್ಟು, ನಿದ್ದೆ ಹತ್ತದಷ್ಟು ದಣಿಯಬಾರದು. ದಾರಿಯಲ್ಲಿ ಮದ್ಯ, ಮಾಂಸ, ಹೊಗೆಸೊಪ್ಪು ಬೇಡ. ಮೊದಲ ಗಂಟೆಗಳಲ್ಲಿ ಶಕ್ತಿ ಹೆಚ್ಚಿದೆಯೆಂದು ತೋರಿದರೂ ಅದನ್ನು ಚೆಲ್ಲಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಜಂಬಕ್ಕಾಗಿ ತುಳಿಯಬಾರದು.

ಈ ಕೊನೆಯ ನಿಯಮವೇ ಉಳಿದವಕ್ಕೆಲ್ಲ ಬುನಾದಿಯೆಂದು ನನಗೆ ತೋರುತ್ತದೆ. ಹುಡುಗರ ವೇಗಕ್ಕೆ ಪೈಪೋಟಿ ಕೊಡುವವನು ಹತ್ತು ಮೈಲಿಗೆ ಕುಸಿಯುತ್ತಾನೆ. ತನ್ನ ಅಳತೆಯನ್ನು ಅರಿತವನು ಈ ವಾರ ಹತ್ತು, ಮುಂದಿನ ತಿಂಗಳು ಇಪ್ಪತ್ತು ಎಂದು ದೂರವನ್ನು ಬೆಳೆಸುತ್ತಾನೆ. ಈ ಮಾತನ್ನು ನನಗೆ ಒಪ್ಪಿಸಿದ್ದು ನನ್ನ ಮೊಣಕಾಲುಗಳೇ.

1922ರಿಂದ ಅಭಿಮಾನಿಗಳು ವರ್ಷಕ್ಕೊಮ್ಮೆ ಗ್ರಾಂಬ್ವಾ ಏರನ್ನು ಹತ್ತಿ ಅವರನ್ನು ಗೌರವಿಸತೊಡಗಿದರು. 1930ರ ಫೆಬ್ರವರಿಯಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ತಮ್ಮ ಊರಿನ ಬೀದಿಯಲ್ಲೇ ಟ್ರಾಮ್ ಬಡಿದು ವಿವಿಯವರು ತೀರಿಕೊಂಡರು. ಪರ್ವತಗಳು ಬಿಟ್ಟುಕೊಟ್ಟ ಜೀವವನ್ನು ಪೇಟೆಯ ಬೀದಿ ಕಸಿದುಕೊಂಡಿತು. ಇಂದು ಏರಿನಲ್ಲಿ ಗಿಯರ್ ಇಳಿಸಿಕೊಳ್ಳುವ ಪ್ರತಿಯೊಬ್ಬನೂ, ಹುಡುಗನಾಗಲಿ ಮುದುಕನಾಗಲಿ, ಅವರ ಋಣದಲ್ಲಿದ್ದಾನೆ.