ಮೈಕೇಲ್ ಫ್ಯಾರಡೆ (1791–1867)

ಜನನ ಮತ್ತು ಬಾಲ್ಯ
ವಿದ್ಯುತ್ ವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದ ಮೈಕೇಲ್ ಫ್ಯಾರಡೆಯವರು 1791ರ ಸೆಪ್ಟೆಂಬರ್ 22ರಂದು ಲಂಡನ್ ಸಮೀಪದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ ಜನಿಸಿದರು. ತಂದೆ ಕಮ್ಮಾರ ವೃತ್ತಿಯವರು. ಬಡತನದ ಕಾರಣ ಓದು, ಬರಹ ಹಾಗೂ ಸರಳ ಲೆಕ್ಕಗಳಿಗಿಂತ ಹೆಚ್ಚಿನ ಶಾಲಾ ಶಿಕ್ಷಣ ಅವರಿಗೆ ದೊರೆಯಲಿಲ್ಲ. 14ನೇ ವಯಸ್ಸಿನಲ್ಲಿ ಪುಸ್ತಕ ವ್ಯಾಪಾರಿ ಜಾರ್ಜ್ ರೀಬೋ ಅವರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ 7 ವರ್ಷ ದುಡಿದರು. ರಟ್ಟು ಕಟ್ಟಲು ಬಂದ ಪುಸ್ತಕಗಳೇ ಅವರಿಗೆ ಪಾಠಶಾಲೆಯಾದವು.

ವಿಜ್ಞಾನ ಕ್ಷೇತ್ರಕ್ಕೆ ಪ್ರವೇಶ
ವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೂ ಕೆಲಸ ನೀಡುವಂತೆ ಕೋರಿ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಅವರು ಧೃತಿಗೆಡಲಿಲ್ಲ. 1812ರಲ್ಲಿ ಸರ್ ಹಂಫ್ರಿ ಡೇವಿ ಅವರ ಉಪನ್ಯಾಸಗಳನ್ನು ಆಲಿಸಿ, ತಾವು ಬರೆದ ಟಿಪ್ಪಣಿಗಳನ್ನು ಸ್ವತಃ ಪುಸ್ತಕವಾಗಿ ಕಟ್ಟಿ ಡೇವಿ ಅವರಿಗೆ ಕಳುಹಿಸಿದರು. ಇದರ ಫಲವಾಗಿ 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಯೋಗಾಲಯ ಸಹಾಯಕರಾಗಿ ನೇಮಕಗೊಂಡರು.

ಪ್ರಮುಖ ಸಂಶೋಧನೆಗಳು
1831ರಲ್ಲಿ ಅವರು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದರು. ವಿದ್ಯುತ್ ಜನರೇಟರ್ ಹಾಗೂ ಟ್ರಾನ್ಸ್‌ಫಾರ್ಮರ್‌ಗಳು ಇದೇ ತತ್ತ್ವದ ಮೇಲೆ ಕಾರ್ಯನಿರ್ವಹಿಸುತ್ತವೆ. ಲೋಹಗಳನ್ನು ಬಿಸಿ ಮಾಡಿದಾಗ ಅವುಗಳ ವಿದ್ಯುತ್ ವಾಹಕತೆ ಕುಗ್ಗುತ್ತದೆ. ಆದರೆ ಸಿಲ್ವರ್ ಸಲ್ಫೈಡ್‌ನ ವಾಹಕತೆ ಹೆಚ್ಚುವುದನ್ನು 1833ರಲ್ಲಿ ಫ್ಯಾರಡೆಯವರು ಗುರುತಿಸಿದರು. ಅರೆವಾಹಕಗಳ ಗುಣವನ್ನು ದಾಖಲಿಸಿದ ಮೊದಲ ಅವಲೋಕನಗಳಲ್ಲಿ ಇದೂ ಒಂದು.

1840ರ ದಶಕದ ಆರಂಭದಲ್ಲಿ ಅನಾರೋಗ್ಯ ಹಾಗೂ ಮರೆವು ಅವರನ್ನು ಬಾಧಿಸಿದವು. ಆದಾಗ್ಯೂ ಪ್ರಯೋಗಗಳನ್ನು ದಿನಚರಿಯಲ್ಲಿ ಕ್ರಮಸಂಖ್ಯೆಯೊಂದಿಗೆ ದಾಖಲಿಸುತ್ತಾ ಕಾರ್ಯ ಮುಂದುವರಿಸಿದರು. 1856ರಲ್ಲಿ, 64ನೇ ವಯಸ್ಸಿನಲ್ಲಿ, ಚಿನ್ನದ ತೆಳು ಪದರಗಳ ಅಧ್ಯಯನ ಕೈಗೊಂಡರು. ಚಿನ್ನದ ತಂತಿಯ ಮೂಲಕ ಪ್ರಬಲ ವಿದ್ಯುತ್ತನ್ನು ಕ್ಷಣಮಾತ್ರ ಹರಿಸಿದಾಗ ತಂತಿ ಆವಿಯಾಗಿ, ಸಮೀಪದ ಗಾಜಿನ ಮೇಲೆ ತೆಳು ಪದರವಾಗಿ ಕೂರುತ್ತಿತ್ತು. ಈ ಫಲಿತಾಂಶಗಳನ್ನು 1857ರ ಫೆಬ್ರವರಿಯಲ್ಲಿ, ಒಮ್ಮೆ ತಮಗೆ ಉತ್ತರ ದೊರೆಯದಿದ್ದ ಅದೇ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದರು. ಮುಂದೆ ಅದರ ಅಧ್ಯಕ್ಷ ಪದವಿ ತಾನಾಗಿ ಒದಗಿಬಂದಾಗ ನಯವಾಗಿ ನಿರಾಕರಿಸಿದರು.

ಇಂದಿನ ಮಹತ್ವ
ಘನವಸ್ತುವನ್ನು ಕ್ಷಣಾರ್ಧದಲ್ಲಿ ಆವಿಯಾಗಿಸಿ ಪದರವಾಗಿ ಕೂರಿಸುವ ಕ್ರಮವನ್ನು ಇಂದು ಪಲ್ಸ್ ಲೇಸರ್‌ಗಳ ನೆರವಿನಿಂದ ಅನುಸರಿಸಲಾಗುತ್ತಿದೆ. ನಿರ್ವಾತ ಕೋಶದಲ್ಲಿರುವ ಮಾಲಿಬ್ಡಿನಮ್ ಡೈಸಲ್ಫೈಡ್ ಬಿಲ್ಲೆಯ ಮೇಲೆ ಲೇಸರ್ ಮಿಡಿತ ಬಿದ್ದಾಗ ಅದರ ಮೇಲ್ಮೈ ಆವಿಯಾಗಿ, ಎದುರಿನ ಬಿಸಿ ಫಲಕದ ಮೇಲೆ ಸಂಗ್ರಹವಾಗುತ್ತದೆ. ಮಿಡಿತಗಳ ಸಂಖ್ಯೆಯಿಂದ ದಪ್ಪವನ್ನು ನಿಯಂತ್ರಿಸಬಹುದಾಗಿದೆ. ಈ ಅರೆವಾಹಕದ ಒಂದು ಪದರದ ದಪ್ಪ ಸುಮಾರು 0.65 ನ್ಯಾನೊಮೀಟರ್ ಮಾತ್ರ. ಗಂಧಕ ಸುಲಭವಾಗಿ ಹಾರಿಹೋಗುವುದರಿಂದ ಅದರ ಕೊರತೆಯನ್ನು ತುಂಬುವುದು ಈ ವಿಧಾನದ ಮುಖ್ಯ ಸವಾಲಾಗಿರುತ್ತದೆ.

ನಿಧನ
ಫ್ಯಾರಡೆಯವರು 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನಲ್ಲಿ ನಿಧನರಾದರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದಿದ್ದರೂ ಶ್ರದ್ಧೆಯಿಂದ ಜ್ಞಾನ ಗಳಿಸಬಹುದೆಂಬುದಕ್ಕೆ ಅವರ ಜೀವನ ನಿದರ್ಶನವಾಗಿದೆ.