ಹೈರಮ್ ಬರ್ಡನ್: ತವರಲ್ಲೇ ಸೋತ ಡಿಸೈನ್

ಹೈರಮ್ ಬರ್ಡನ್ 1824ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ. ಓದಿದ್ದು ಇಂಜಿನಿಯರಿಂಗ್, ಹೆಸರು ಮಾಡಿದ್ದು ಗುರಿಯಲ್ಲಿ. ಅಲ್ಲಿನ ಅಂತರ್ಯುದ್ಧದಲ್ಲಿ ಈತ ಕಟ್ಟಿದ ಶಾರ್ಪ್‌ಶೂಟರ್ ಪಡೆಗೆ ಸೇರಬೇಕಂದ್ರೆ, 200 ಗಜ ದೂರದಿಂದ 10 ಗುಂಡನ್ನೂ 10 ಇಂಚಿನ ವೃತ್ತದೊಳಗೇ ಹೊಡೀಬೇಕಿತ್ತು.

ಯುದ್ಧ ಮುಗಿದ ಮೇಲೆ, 1866ರಲ್ಲಿ, ತೋಟಾದ ಪ್ರೈಮರ್‌ಗೆ ಪೇಟೆಂಟ್ ಪಡೆದ. ಪ್ರೈಮರ್ ಅಂದ್ರೆ ಪೆಟ್ಟು ಬಿದ್ದ ಕೂಡಲೇ ಕಿಡಿ ಕೊಡೋ ಪುಟ್ಟ ಬಟ್ಟಲು. ಆ ಪೆಟ್ಟಿಗೆ ಎದುರು ನಿಲ್ಲೋ ಆನ್ವಿಲ್ ಅನ್ನು ಬರ್ಡನ್ ಕೇಸ್‌ನ ತಳದಲ್ಲೇ ಮೂಡಿಸಿ, ಅದರ ಅಕ್ಕಪಕ್ಕ ರಂಧ್ರ ಇಟ್ಟ. ಅದೇ ವರ್ಷ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್, ಆನ್ವಿಲ್ ಅನ್ನು ಪ್ರೈಮರ್ ಒಳಗೇ ಕೂರಿಸಿ, ಕೇಸ್‌ನ ನಡುವೆ ಒಂದೇ ರಂಧ್ರ ಬಿಟ್ಟ.

ಖಾಲಿ ಕೇಸ್‌ಗೆ ಮತ್ತೆ ಮದ್ದು ತುಂಬುವಾಗ ವ್ಯತ್ಯಾಸ ಗೊತ್ತಾಗುತ್ತೆ. ಬಾಕ್ಸರ್ ಕೇಸ್‌ನಲ್ಲಿ ನಡುವಿನ ರಂಧ್ರಕ್ಕೆ ಪಿನ್ ತೂರಿಸಿದ್ರೆ ಹಳೇ ಪ್ರೈಮರ್ ಹೊರಗೆ. ಬರ್ಡನ್ ಕೇಸ್‌ನಲ್ಲಿ ಪಿನ್ ಆನ್ವಿಲ್‌ಗೇ ತಾಗುತ್ತೆ. ಹಿತ್ತಾಳೆ ಕೇಸ್ ಹಿಗ್ಗಿದ ಮೇಲೆ ಉಕ್ಕಿಗಿಂತ ಚೆನ್ನಾಗಿ ಹಿಂದಕ್ಕೆ ಕುಗ್ಗುತ್ತೆ, ಮತ್ತೆ ಮತ್ತೆ ತುಂಬೋಕೆ ಅದೇ ಸರಿ. ಒಮ್ಮೆ ಹೊಡೆದು ಬಿಸಾಡೋ ಅಗ್ಗದ ಉಕ್ಕಿನ ಕೇಸ್‌ಗಳಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣೋದು ಬರ್ಡನ್ ಪ್ರೈಮರ್.

1893ರಲ್ಲಿ ಬರ್ಡನ್ ತೀರಿಕೊಂಡ. ಯುರೋಪಿನ ಬಹಳಷ್ಟು ಸೇನೆಗಳು ಅವನ ಪ್ರೈಮರ್ ಹಿಡಿದವು. ಅವನದೇ ಅಮೆರಿಕದಲ್ಲಿ, ಮನೇಲೇ ತೋಟಾ ತುಂಬೋರ ಮೇಜಿನ ಮೇಲೆ ಉಳಿದದ್ದು ಇಂಗ್ಲೆಂಡಿನವನದು.