ಕ್ರಿಸ್ಟಫರ್ ಸ್ಟ್ರೇಚಿ: ಯಂತ್ರದ ವೇಳೆಯನ್ನು ಹಂಚಿದ ಉಪಾಧ್ಯಾಯ

ಕ್ಲೌಡ್ ಎಂಬ ಮಾತು ಇಂದು ಎಲ್ಲರ ಬಾಯಲ್ಲಿಯೂ ಇದೆ. ದೂರದಲ್ಲೆಲ್ಲೋ ಇರುವ ದೊಡ್ಡ ಗಣಕಯಂತ್ರದ ಒಂದು ಪಾಲನ್ನು ವೇಳೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಜನರು ಕೆಲಸ ಮಾಡಿಸಿಕೊಳ್ಳುತ್ತಾರೆ. ಒಂದೇ ಯಂತ್ರದಲ್ಲಿ ಹತ್ತಾರು ಮಂದಿಯ ಕೆಲಸ ನಡೆಯುತ್ತಿದ್ದರೂ ಪ್ರತಿಯೊಬ್ಬನಿಗೂ ಅದು ತನ್ನೊಬ್ಬನದೇ ಎಂಬಂತೆ ತೋರುತ್ತದೆ. ಈ ಏರ್ಪಾಡಿನ ಮೂಲವನ್ನು ಹುಡುಕುತ್ತ ಹೋದ ನನಗೆ ದೊರೆತವರು ಒಬ್ಬ ಶಾಲಾ ಉಪಾಧ್ಯಾಯರು. ಅವರ ಜೀವನವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಟ್ರೇಚಿಯವರು 1916ರ ನವೆಂಬರ್ 16ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಪ್ರಸಿದ್ಧ ಜೀವನಚರಿತ್ರಕಾರ ಲಿಟ್ಟನ್ ಸ್ಟ್ರೇಚಿ ಇವರ ಚಿಕ್ಕಪ್ಪ. ತಾಯಿ ರೇ ಸ್ಟ್ರೇಚಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದವರು. ಇಂತಹ ಮನೆಯ ಮಗ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿರುವಾಗ ಮನೋವ್ಯಾಧಿಗೆ ತುತ್ತಾದರು. ಪದವಿಯೇನೋ ದೊರೆಯಿತು, ಉನ್ನತ ದರ್ಜೆ ದೊರೆಯಲಿಲ್ಲ. ಯುದ್ಧಕಾಲದಲ್ಲಿ ಒಂದು ಕಾರ್ಖಾನೆಯ ಸಂಶೋಧನ ವಿಭಾಗದಲ್ಲಿದ್ದು, ಅನಂತರ ಉಪಾಧ್ಯಾಯರಾಗಿ 1949ರಲ್ಲಿ ಹ್ಯಾರೋ ಶಾಲೆಯನ್ನು ಸೇರಿದರು.

ಪಾಠ ಹೇಳಿ ಉಳಿದ ವೇಳೆಯಲ್ಲಿ ಅವರು ಗಣಕಕ್ಕೆ ಆದೇಶಗಳನ್ನು ಬರೆಯುವುದನ್ನು ತಾವಾಗಿಯೇ ಕಲಿತರು. ಡ್ರಾಫ್ಟ್ಸ್ ಎಂಬ ಮಣೆಯಾಟವನ್ನು ಮ್ಯಾಂಚೆಸ್ಟರಿನ ಯಂತ್ರ 1952ರಲ್ಲಿ ಆಡಿದ್ದು ಅವರ ಆದೇಶಗಳಿಂದಲೇ. ಅದೇ ವರ್ಷ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಗಣಕಶಾಸ್ತ್ರಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಆಗಿನ ಗಣಕಗಳ ಬೆಲೆ ಅಪಾರ. ಆದರೂ ಕಾಗದದ ಪಟ್ಟಿಯಿಂದ ಅಂಕಿಗಳು ಬರುವವರೆಗೆ ಯಂತ್ರ ಸುಮ್ಮನೆ ಕಾಯುತ್ತಿತ್ತು. ಯಂತ್ರಕ್ಕಾಗಿ ಮನುಷ್ಯರು ಸರದಿಯಲ್ಲಿ ಕಾಯುತ್ತಿದ್ದರು. 1959ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಕರೆದ ಸಮ್ಮೇಳನದಲ್ಲಿ ಸ್ಟ್ರೇಚಿಯವರು ಇದಕ್ಕೊಂದು ಉಪಾಯವನ್ನು ಮಂಡಿಸಿದರು. ಹಲವರ ಕೆಲಸಗಳು ಒಟ್ಟಿಗೆ ಯಂತ್ರದೊಳಗೆ ಇರಲಿ. ಒಂದು ಕಾಯುವಾಗ ಇನ್ನೊಂದು ನಡೆಯಲಿ. ಒಂದು ಮತ್ತೊಂದರ ಜಾಗಕ್ಕೆ ಕೈಹಾಕದಂತೆ ಮೇಲ್ವಿಚಾರಣೆಯ ಆದೇಶಾವಳಿಯೊಂದು ನೋಡಿಕೊಳ್ಳಲಿ ಎಂಬುದೇ ಅದರ ಸಾರ.

ಇದೇ ದಾರಿಯಲ್ಲಿ ಇತರರೂ ನಡೆದರು. ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಹಲವರು ಏಕಕಾಲಕ್ಕೆ ಒಂದೇ ಗಣಕವನ್ನು ಬಳಸಿ ತೋರಿಸಿದರು. 1972ರಲ್ಲಿ ಐಬಿಎಂ ಸಂಸ್ಥೆ ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ವಿಎಂ/370 ವ್ಯವಸ್ಥೆಯನ್ನು ಪ್ರಕಟಿಸಿತು. ಇಂದಿನ ಕ್ಲೌಡ್ ಈ ವಂಶದ ಕುಡಿಯೇ.

ಹಂಚಿಕೊಂಡು ಬಾಳುವುದಕ್ಕೆ ಲೆಕ್ಕಾಚಾರ ಬೇಕು. ಕ್ಲೌಡಿನಲ್ಲಿ ಕೆಲಸ ನಡೆಸುವವನು ಎಷ್ಟು ಸ್ಮೃತಿ, ಎಷ್ಟು ಶಕ್ತಿ, ಎಷ್ಟು ಹೊತ್ತು ಬೇಕೆಂಬುದನ್ನು ಮೊದಲೇ ಅಳೆಯಬೇಕು. ಕಡಮೆ ಹಿಡಿದರೆ ಕೆಲಸ ಕುಂಟುತ್ತದೆ. ಹೆಚ್ಚು ಹಿಡಿದು ಸುಮ್ಮನೆ ಬಿಟ್ಟರೆ ಬಾಡಿಗೆ ಏರುತ್ತದೆ. ಸೋಮಾರಿಯಾಗಿ ನಿಂತ ಯಂತ್ರವನ್ನು ಕಂಡು ಸ್ಟ್ರೇಚಿಯವರಿಗೆ ಹುಟ್ಟಿದ ಚಿಂತೆಯೇ ಇಂದಿಗೂ ಉಳಿದಿದೆ.

1965ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವರನ್ನು ಬರಮಾಡಿಕೊಂಡಿತು. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. 1975ರ ಮೇ 18ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಪರೀಕ್ಷೆಯ ದರ್ಜೆಯೊಂದರಿಂದಲೇ ಮನುಷ್ಯನ ಬೆಲೆ ಕಟ್ಟುವ ನಮಗೆ ಈ ಜೀವನದಲ್ಲಿ ಕಲಿಯಬೇಕಾದದ್ದು ಇದೆಯೆಂದು ನನ್ನ ನಂಬಿಕೆ. ಯಂತ್ರದ ಬಿಡುವಿನ ವೇಳೆಗೆ ಬೆಲೆ ಕಟ್ಟಿದ ಆ ಮಹನೀಯರು ಅದಕ್ಕೂ ಮೊದಲೇ ತಮ್ಮ ಬಿಡುವಿನ ವೇಳೆಯ ಬೆಲೆಯನ್ನು ಅರಿತಿದ್ದರು.